ಯಾರೂ ಹೊಡೆದಿರಲಿಲ್ಲ

ಅತ್ತೆಯ ತೋಳಿನ ಮೇಲೆ ಅಂಗೈಯಗಲದ ಕಪ್ಪು ಕಲೆ ಮೂಡಿದಾಗ, ಎಲ್ಲೋ ತಾಗಿಸಿಕೊಂಡಿರಬೇಕು ಎಂದುಕೊಂಡಳು ಸೊಸೆ. ವಾರ ಕಳೆಯುವಷ್ಟರಲ್ಲಿ ಕುತ್ತಿಗೆ, ಸೊಂಟ, ತೊಡೆಯ ಮೇಲೂ ಕಲೆಗಳು.

ಮನೆಯಲ್ಲಿದ್ದವರು ಇಬ್ಬರೇ. ಗಂಡ ತೀರಿಕೊಂಡ ಮೇಲೆ ಸೊಸೆ ಬಟ್ಟೆ ಹೊಲಿದು ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಕಲೆ ಬೀದಿಯವರ ಕಣ್ಣಿಗೆ ಬಿತ್ತು. "ಸೊಸೆ ಹೊಡೀತಾಳಂತೆ!" ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಜನ ವಾಪಸ್ ಒಯ್ದರು. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಒಬ್ಬಳೇ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು: ಎಬ್ಬಿಸುವಾಗ ನಾನೇ ಬಿಗಿಯಾಗಿ ಹಿಡಿದೆನಾ?

ಅತ್ತೆಗೆ ಆಸ್ಪತ್ರೆ ಎಂದರೆ ಸಿಡುಕು. "ವಯಸ್ಸಾದ ಮೈ ಕಣೇ. ಒಂದು ನೋವಿನ ಮಾತ್ರೆ ಕೊಡು, ಸಾಕು."

ಒಂದು ಸಂಜೆ ಎದುರುಮನೆಯ ನರ್ಸಕ್ಕ ಬಂದರು. ಬೈಯಲೆಂದೇ ಬಂದಿದ್ದರು. ಕಲೆಗಳನ್ನು ಹತ್ತಿರದಿಂದ ನೋಡಿ ಅತ್ತೆಯ ಪಕ್ಕ ಕೂತರು.

"ಅಮ್ಮಾ, ಯಾರಾದ್ರೂ ಹೊಡೆದ್ರಾ?"

"ಇವಳಾ? ಸೊಳ್ಳೆ ಹೊಡೆಯೋಕೂ ಇವಳಿಗೆ ಕೈ ಬರಲ್ಲ!"

"ಗಾಯ ಆದ್ರೆ ರಕ್ತ ಬೇಗ ನಿಲ್ಲುತ್ತಾ?"

"ಇಲ್ಲ ಅಕ್ಕಾ," ಎಂದಳು ಸೊಸೆ. "ಮೊನ್ನೆ ಉಗುರು ಕತ್ತರಿಸುವಾಗ ಚೂರು ತಾಗ್ತು. ಮಧ್ಯಾಹ್ನದವರೆಗೂ ಒಸರ್ತಾನೇ ಇತ್ತು."

"ಹಾಗಾದ್ರೆ ನೋವಿನ ಮಾತ್ರೆ ಏನೂ ಕೊಡ್ಬೇಡ. ಕೆಲವು ಮಾತ್ರೆ ರಕ್ತಸ್ರಾವ ಹೆಚ್ಚಿಸ್ತವೆ. ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ."

"ಹುಟ್ಟಿದಾಗಿಂದ ಇಲ್ಲದ ರೋಗ ಈಗೆಲ್ಲಿಂದ ಬರುತ್ತೆ?" ಅತ್ತೆ ಮೊಂಡು ಹಿಡಿದರು.

"ಬರುತ್ತಮ್ಮಾ. ರೋಗದ ಜೊತೆ ಹೋರಾಡೋಕೆ ನಮ್ಮ ಮೈ ಪ್ರತಿಕಾಯ ತಯಾರಿಸುತ್ತೆ. ಅಪರೂಪಕ್ಕೆ ಅದು ದಾರಿ ತಪ್ಪಿ, ರಕ್ತ ಹೆಪ್ಪುಗಟ್ಟಿಸೋ ಅಂಶದ ಮೇಲೇ ಬೀಳುತ್ತೆ. ಆಗ ರಕ್ತ ಒಳಗೊಳಗೇ ಸೋರುತ್ತೆ. ನಿಮಗೆ ಅದೇ ಇರ್ಬಹುದು, ಬೇರೇನಾದ್ರೂ ಇರ್ಬಹುದು. ಪರೀಕ್ಷೆ ಮಾಡಿಸದೆ ಗೊತ್ತಾಗಲ್ಲ."

ಸೊಸೆ ಅತ್ತೆಯ ಮುಂದೆ ಬಂದು ಕೂತಳು. "ಅತ್ತೆ, ನೀವೂ ಹೋದ್ರೆ ನನಗೆ ಯಾರಿದ್ದಾರೆ?"

ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ನರ್ಸಕ್ಕನ ಅನುಮಾನವೇ ನಿಜವಾಗಿತ್ತು. ರಕ್ತಸ್ರಾವ ನಿಲ್ಲಿಸಲು ಒಂದು ಔಷಧಿ, ದಾರಿ ತಪ್ಪಿದ ಪ್ರತಿಕಾಯಗಳನ್ನು ತಗ್ಗಿಸಲು ಇನ್ನೊಂದು. ತಿಂಗಳುಗಳೇ ಹಿಡಿದವು. ಕಲೆಗಳು ಹಳದಿಯಾಗಿ ಮಾಸಿದವು. ಬೀದಿ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಹೊಲಿಯಲು ಬಟ್ಟೆ ತಂದವರಲ್ಲಿ ನರ್ಸಕ್ಕನೇ ಮೊದಲಿಗರು. ಉಳಿದವರು ಒಬ್ಬೊಬ್ಬರಾಗಿ ಬಂದರು. ಕೆಲವರು ಇಂದಿಗೂ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಪೆಟ್ಟಾಗದೆ ದೊಡ್ಡ ಕಲೆಗಳು ಮೂಡಿದರೆ, ರಕ್ತ ಬೇಗ ನಿಲ್ಲದಿದ್ದರೆ ತಡ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ವಯಸ್ಸಾದವರಿಗಷ್ಟೇ ಅಲ್ಲ, ಬಾಣಂತಿಯರಿಗೂ ಇದು ಬರಬಹುದು. ಕಲೆಯನ್ನು ತಿಕ್ಕಬೇಡಿ, ನಿಮ್ಮಷ್ಟಕ್ಕೆ ನೀವೇ ನೋವಿನ ಮಾತ್ರೆ ನುಂಗಬೇಡಿ. ಇದು ಅಂಟುರೋಗವಲ್ಲ. ಪಕ್ಕದ ಮನೆಯಲ್ಲಿ ಇಂಥ ಕಲೆ ಕಂಡರೆ ಬೀದಿಯಲ್ಲಿ ನಿಂತು ತೀರ್ಪು ಕೊಡಬೇಡಿ. ಬಾಗಿಲು ತಟ್ಟಿ, ಕೇಳಿ. ಯಾರಾದರೂ ಕೇಳಲಿ ಎಂದು ಒಳಗಿರುವವರು ಕಾಯುತ್ತಿರಬಹುದು.