ಅಂಗೈ ತೋರಿಸಿ ಕೂರುವ ಮಕ್ಕಳು

ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಣಗಿ ಕೂತಿದ್ದ ರಾಗಿಹಿಟ್ಟು ಎಷ್ಟು ಉಜ್ಜಿದರೂ ಬಿಡಲಿಲ್ಲ. ನೆರೆಮನೆಯ ಅಂಬಮ್ಮ ಬೇವಿನ ಕಡ್ಡಿಯೊಂದನ್ನು ಚೂಪು ಮಾಡಿಕೊಂಡು, ಜೀವ ಇರುವ ಬೆರಳಿಗೆ ನೋವಾಗದಂತೆ ಕೆರೆಯುವ ಹಾಗೆ ಮೆಲ್ಲಗೆ ಕೆರೆಯುತ್ತಿದ್ದಳು.

"ಬುಡು ಅಂಬಕ್ಕ. ಮಣ್ಣಿಗೋಗೋ ಕೈಗೆ ಯಾಕಿಷ್ಟು," ಅಂದಳು ಶಿವಲಿಂಗಮ್ಮ. ಸತ್ತವಳ ನಾದಿನಿ ಆಕೆ. ಸುದ್ದಿ ತಿಳಿದು ದೊಡ್ಡಆಲಹಳ್ಳಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು.

"ನಮ್ಮನೆ ಮೂರು ಹೈಕ್ಳೂ ಈ ಕೈಲಿ ಉಂಡು ಬೆಳದವೆ ಕಣವ್ವ. ಹಂಗೆಂಗ್ ಬುಡ್ಲಿ?" ಅಂಬಮ್ಮ ತಲೆ ಎತ್ತಲಿಲ್ಲ. ಇನ್ನೊಂದು ಚೊಂಬು ಬಿಸಿನೀರು ಕೇಳಿದಳು.

ಪುಟ್ಟಲಕ್ಷ್ಮಮ್ಮನಿಗೆ ನಲವತ್ತು ದಾಟಿ ನಾಲ್ಕೈದು ವರ್ಷವಾಗಿದ್ದಿರಬೇಕು. ನಿನ್ನೆ ಸಂಜೆ ಮಕ್ಕಳ ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಎದೆ ಒತ್ತಿಕೊಂಡು ಜಗಲಿಯ ಕಂಬಕ್ಕೆ ಒರಗಿದವಳು ಮತ್ತೆ ಏಳಲಿಲ್ಲ. ಡಾಕ್ಟರನ್ನು ಕರೆತರಲೆಂದು ಚನ್ನಪಟ್ಟಣಕ್ಕೆ ಹೊರಟ ಸೈಕಲ್ಲು ಹೊಂಗನೂರಿನ ಕೆರೆ ಏರಿ ದಾಟುವುದರೊಳಗೆ ಎಲ್ಲ ಮುಗಿದಿತ್ತು.

ಅವಳ ಗಂಡ ರಾಮಲಿಂಗಯ್ಯ ಅಂಗಳದಲ್ಲಿ ಕಲ್ಲಿನ ಮೇಲೆ ಕೂತಿದ್ದ. ಯಾರು ಮಾತಾಡಿಸಿದರೂ ಹೂಂ ಅನ್ನುತ್ತಿದ್ದ, ಅಷ್ಟೆ. ಒಳಗೆ ನಡುಮನೆಯಲ್ಲಿ ರೇಷ್ಮೆಹುಳದ ತಟ್ಟೆಗಳು ಸೂರಿನವರೆಗೂ ಇದ್ದವು. ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಬಿಟ್ಟ ಹುಳ. ಗೂಡು ಕಟ್ಟುವ ಮೊದಲಿನ ಈ ವಾರವಂತೂ ಅವಕ್ಕೆ ಹಗಲು ರಾತ್ರಿ ಇಲ್ಲದೆ ಸೊಪ್ಪು ಸುರಿಯಬೇಕು.

ಊರಿನ ಹಿರಿಯ ದೊಡ್ಡಹನುಮಯ್ಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದ: "ರಾಮಲಿಂಗ, ಬೆಳಿಗ್ಗಿಂದ ಹುಳಕ್ಕೆ ಸೊಪ್ಪು ಬಿದ್ದಿಲ್ಲ ಕಣ್ಲಾ. ಏನ್ಮಾಡಾಣ?"

ರಾಮಲಿಂಗಯ್ಯ ಅವನ ಮುಖ ನೋಡಿದ. ಅದಕ್ಕೆ ಮಾತ್ರ ಹೂಂ ಅನ್ನಲಿಲ್ಲ.

*

ರೇಷ್ಮೆಗೆ ಬೆಲೆ ಬಂದಮೇಲೆ ಹೊಂಗನೂರಿನ ಸುತ್ತ ರಾಗಿ ಹೊಲಗಳು ಒಂದೊಂದಾಗಿ ಮಾಯವಾದವು. ಹೊಲ ಹೋಗಿ ಹಿಪ್ಪುನೇರಳೆ ತೋಟ ಬಂತು, ಹುಲ್ಲಿನ ಮನೆಗೆ ಹೆಂಚು ಬಂತು, ಕೆಲವರ ಕೈಗೆ ಗಡಿಯಾರ ಬಂತು. ಹುಳ ದೊಡ್ಡದಾದ ವಾರದಲ್ಲಿ ಊರಿನ ಒಲೆಗಳು ಹೊತ್ತಿಗೆ ಸರಿಯಾಗಿ ಹೊಗೆಯಾಡುತ್ತಿರಲಿಲ್ಲ. ಹೆಂಗಸರು ಸೊಪ್ಪು ಕೊಯ್ಯಲು ತೋಟದಲ್ಲಿ, ಗಂಡಸರು ತಟ್ಟೆಗಳ ಮುಂದೆ. ಮಕ್ಕಳು ಬೀದಿಯಲ್ಲಿ.

ಅಂಥ ಮಕ್ಕಳನ್ನು ಪುಟ್ಟಲಕ್ಷ್ಮಮ್ಮ ತನ್ನ ಜಗಲಿಗೆ ಕರೆದಳು. ಮೊದಲ ದಿನ ಬಂದವರು ಅಂಬಮ್ಮನ ಮನೆಯ ಮೂವರು. ಪುಟ್ಟಲಕ್ಷ್ಮಮ್ಮ ಮುದ್ದೆ ಮಾಡಿ ಬಡಿಸಿಬಿಡಲಿಲ್ಲ. ಕಲಸಿದ ಹಿಟ್ಟನ್ನೇ ಅವರ ಮುಂದಿಟ್ಟಳು.

"ಏನ್ ಬೇಕೋ ಮಾಡ್ಕಳಿ. ಬೇಯ್ಸದು ನನ್ ಕೆಲ್ಸ."

ಒಬ್ಬ ಹಾವು ಮಾಡಿದ. ಒಬ್ಬಳು ಕೋಳಿ ಮಾಡಿ, ಅದಕ್ಕೆ ಕಾಲು ನಿಲ್ಲದೆ ಅತ್ತಳು. ಪುಟ್ಟಲಕ್ಷ್ಮಮ್ಮ ಕೋಳಿಯನ್ನು ಕೂರಿಸಿ, "ಮೊಟ್ಟೆ ಮೇಲೆ ಕಾವು ಕೂತೈತೆ ಕಣವ್ವ, ಕಾಲ್ಯಾಕೆ?" ಅಂದಳು. ಅವರೆಕಾಳಿನ ಕಣ್ಣು, ನುಗ್ಗೆಸೊಪ್ಪಿನ ಪುಕ್ಕ. ಕೆಂಪು ದಂಟು ಬೇಯಿಸಿದ ನೀರಿನಲ್ಲಿ ಅಕ್ಕಿಹಿಟ್ಟು ಕಲಸಿದರೆ ಗುಲಾಬಿ ಬಣ್ಣದ ಕಡುಬು. ಸೊಪ್ಪು ಕಂಡರೆ ಮುಖ ತಿರುಗಿಸುವ ಮಕ್ಕಳು, ತಾವೇ ಮಾಡಿದ ನವಿಲಿನ ಬಾಲವೆಂದು ನುಗ್ಗೆಸೊಪ್ಪನ್ನು ಮೊದಲು ತಿನ್ನುತ್ತಿದ್ದರು. ಹೆಂಚಿನ ಮೇಲೆ ಎತ್ತು ಸೀದುಹೋದರೆ, "ಬಿಸ್ಲಲ್ಲಿ ಉತ್ತು ಕಪ್ಪಾಗೈತೆ, ಪಾಪ," ಅನ್ನುತ್ತಿದ್ದಳು. ಆ ಎತ್ತಿಗೇ ಜಗಳ ಬೀಳುತ್ತಿತ್ತು.

ಹದಿಮೂರು ವರ್ಷ ಹೀಗೇ ನಡೆಯಿತು. ಮೊದಲು ಬಂದವರು ದೊಡ್ಡವರಾಗಿ ಹೋದರು, ಅವರ ತಮ್ಮ ತಂಗಿಯರು ಬಂದರು. ರೋಶನ್ ಬೀ ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಬೆಳಗಿನ ಬಸ್ಸು ಹಿಡಿಯುವವಳು. ಮಗಳು ಅಖ್ತರಿಯನ್ನು ಕಣ್ಣು ಬಿಡುವ ಮೊದಲೇ ಆ ಜಗಲಿಯ ಮೇಲೆ ಮಲಗಿಸಿ ಹೋಗುತ್ತಿದ್ದಳು. ಎಲ್ಲರೂ ತೋಟಕ್ಕೆಲ್ಲ ಹಿಪ್ಪುನೇರಳೆ ಹಾಕಿದರೂ ಪುಟ್ಟಲಕ್ಷ್ಮಮ್ಮ ಬಾವಿಯ ಹತ್ತಿರದ ನಾಲ್ಕು ಸಾಲು ಮಾತ್ರ ಬಿಡಲಿಲ್ಲ. ಅಲ್ಲಿ ರಾಗಿ, ಅವರೆ, ದಂಟು.

ರಾಮಲಿಂಗಯ್ಯ ಮಕ್ಕಳು ಉಣ್ಣುವ ಹೊತ್ತಿನಲ್ಲಿ ಜಗಲಿಯ ಕಡೆ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದಲೇ ಹೋಗಿಬರುತ್ತಿದ್ದ.

*

ಹೆಣಕ್ಕೆ ಹೊಸ ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟು, ಕೈತುಂಬ ಬಳೆ ತೊಡಿಸಿ ಜಗಲಿಗೆ ತಂದು ಕೂರಿಸಿದರು. ಬಾಯಿಗೆ ನೀರು ಬಿಡುವವರು ಒಬ್ಬೊಬ್ಬರಾಗಿ ಬಂದರು. ರೋಶನ್ ಬೀ ಕೆಲಸಕ್ಕೆ ಹೋಗಿರಲಿಲ್ಲ. ಕಂಬ ಹಿಡಿದು ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಬಿಸಿನೀರಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

ಆಗ ಮಕ್ಕಳು ಬಂದವು. ಆರು ಮಕ್ಕಳು, ದೊಡ್ಡವನಿಗೆ ಏಳು ವರ್ಷ, ಅಖ್ತರಿಗೆ ಐದು. ಯಾರೂ ಕರೆದಿರಲಿಲ್ಲ. ಜಗಲಿಯ ಕೆಳಗೆ ಸಾಲಾಗಿ ಕೂತು, ಎರಡೂ ಅಂಗೈಗಳನ್ನು ಬಿಚ್ಚಿ ಪುಟ್ಟಲಕ್ಷ್ಮಮ್ಮನ ಕಡೆ ಚಾಚಿದವು. ಹಾಗೇ ಚಾಚಿಕೊಂಡು ಕೂತವು.

"ಇದೇನ್ರವ್ವ ಇವು, ಸತ್ತೋರ್ ಮನೇಲಿ ಕೈ ಚಾಚ್ಕಂಡು?" ಶಿವಲಿಂಗಮ್ಮ ಗದರಿಸಿದಳು. "ಏಳ್ರಿ, ಆಚೆಗೋಗಿ."

"ಬೈಬ್ಯಾಡಿ ಅಕ್ಕಾ," ಅಂದಳು ರೋಶನ್ ಬೀ. "ಅವ್ರು ಬೇಡ್ತಾ ಇಲ್ಲ. ದಿನಾ ಹಿಂಗೇ ಕೂರದು. ಕೈಯಾಗೆ ಏನಾದ್ರೂ ಕಾಯಿ, ಬೀಜ ಐತಾ ಅಂತ ಲಕ್ಷ್ಮಕ್ಕ ಒಬ್ಬೊಬ್ರದೂ ನೋಡ್ತಿದ್ರು. ಜೇಬೂ ನೋಡ್ತಿದ್ರು. ಆಮ್ಯಾಕೇ ಹಿಟ್ಟು ಕೊಡ್ತಿದ್ದಿದ್ದು."

ಶಿವಲಿಂಗಮ್ಮ ಬಿಚ್ಚಿದ ಆ ಅಂಗೈಗಳನ್ನು ನೋಡಿದಳು. ಆಮೇಲೆ ಎಷ್ಟೋ ವರ್ಷದಿಂದ ಒಳಗಿದ್ದದ್ದು ಹೊರಗೆ ಬಂತು.

"ಹೆತ್ತ ಮಗೀನ ಕೈ ನೋಡ್ನಿಲ್ಲ. ಊರ್ ಹೈಕ್ಳ ಕೈಯೆಲ್ಲ ನೋಡ್ಕಂಡು ಕೂತ್ಲು. ನಮ್ ಕೆಂಪಿ ಇದ್ದಿದ್ರೆ ಇವತ್ತು ಅವಳ ಮಗ ಎತ್ಕಂಡು ಬಂದಿರೋಳು."

"ಶಿವಲಿಂಗಿ."

ರಾಮಲಿಂಗಯ್ಯ ಎದ್ದು ನಿಂತಿದ್ದ. ಅಂಗಳದಲ್ಲಿದ್ದ ಗಂಡಸರು ತಿರುಗಿ ನೋಡಿದರು.

"ಅವಳದಲ್ಲ ಕಣವ್ವ ತೆಪ್ಪು. ನಂದು."

*

ಎಪ್ಪತ್ತನಾಲ್ಕನೇ ಇಸವಿ. ರಾಗಿ ಹೊಲ ಕಿತ್ತು ಹಿಪ್ಪುನೇರಳೆ ನೆಟ್ಟಿದ್ದರು. ಅದು ಅವರ ಮೊದಲ ಹುಳ. ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೇ. ಜೊತೆಗೆ ನಾಲ್ಕು ವರ್ಷದ ಮಗಳು ಕೆಂಪಿ.

ಮಧ್ಯಾಹ್ನವಾದರೂ ಒಲೆ ಹಚ್ಚಿರಲಿಲ್ಲ. ಕೆಂಪಿ ಬಂದು ಸೆರಗು ಹಿಡಿದು, "ಅವ್ವಾ, ಹಸಿವು," ಅಂದಳು. ಸೊಪ್ಪು ಕೊಚ್ಚುತ್ತಿದ್ದ ಪುಟ್ಟಲಕ್ಷ್ಮಮ್ಮ ಕತ್ತಿ ಕೆಳಗಿಟ್ಟು ಎದ್ದಳು.

"ಎಲ್ಗೆ ಹೊಂಟೆ?" ತಟ್ಟೆಗಳ ಹಿಂದಿನಿಂದ ರಾಮಲಿಂಗಯ್ಯ ಕೂಗಿದ. "ಈ ಸಾಲೆಲ್ಲಾ ಬರಿದಾಗೈತೆ. ಮಗ ಒಸಿ ಹೊತ್ತು ಕಾಯ್ತದೆ, ಹುಳ ಕಾಯಾಕಿಲ್ಲ."

ಅವಳು ನಿಂತಳು. ಮತ್ತೆ ಕೂತಳು. "ಓಗು ಮಗ, ಒಸಿ ಆಡ್ಕ. ಈಗ ಬತ್ತೀನಿ."

ಕೆಂಪಿ ಹಿತ್ತಲ ಬೇಲಿಯ ಹತ್ತಿರ ಮೂರು ಕಲ್ಲು ಹೂಡಿ ಅಡುಗೆ ಆಟ ಆಡಿದಳು. ಸ್ವಲ್ಪ ಹೊತ್ತಿಗೆ ತೆಂಗಿನ ಚಿಪ್ಪೊಂದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಹೆಜ್ಜೆ ಇಡುತ್ತ ಒಳಗೆ ಬಂದಳು. "ಅವ್ವಾ, ನಾನೇ ಸಾರು ಮಾಡಿವ್ನಿ. ತಿನ್ನು."

ಪುಟ್ಟಲಕ್ಷ್ಮಮ್ಮನ ಕಣ್ಣು ಕತ್ತಿಯ ಮೇಲಿತ್ತು. ಬಾಯಿ ಚಪ್ಪರಿಸುವ ಸದ್ದು ಮಾಡಿದಳು. "ಆಹಾ, ಬಲೇ ಚೆಂದಾಗೈತೆ ಮಗ. ನೀನೂ ತಿನ್ನೋಗು."

ಕೆಂಪಿ ಸಂತೋಷದಿಂದ ಹೋದಳು.

ಚಿಪ್ಪಿನಲ್ಲಿದ್ದದ್ದು ನೀರು, ಹಿಪ್ಪುನೇರಳೆ ಎಲೆಯ ಚೂರು ಮತ್ತು ಬೇಲಿಯ ಹರಳು ಬೀಜ ಜಜ್ಜಿದ್ದು. ವಾಂತಿ ರಾತ್ರಿಗೆ ಶುರುವಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಒದ್ದಾಡಿ ಮೂರನೇ ದಿನ ಮಗು ಹೋಯಿತು. ಅದೇ ದಿನ ಮನೆಯಲ್ಲಿ ಹುಳ ಹಣ್ಣಾಯಿತು. ನೆರೆಯವರು ಬಂದು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಆ ಬೆಳೆಯಷ್ಟು ಒಳ್ಳೆಯ ಗೂಡು ಅವರ ಮನೆಯಲ್ಲಿ ಮತ್ತೆ ಆಗಲಿಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಕೇಳಿದರು, ಹೇಗಾಯಿತು, ಯಾರೂ ನೋಡಲಿಲ್ಲವೇ ಎಂದು. ಪುಟ್ಟಲಕ್ಷ್ಮಮ್ಮ ಗೋಡೆ ನೋಡಿಕೊಂಡು ಹೇಳಿದಳು: "ನಾನೇ ತಿನ್ನೋಗು ಅಂದೆ." ಅದೊಂದೇ ಮಾತು. ಅದರ ಹಿಂದಿನ ಮಾತನ್ನು ಅವಳು ಹೇಳಲಿಲ್ಲ. ರಾಮಲಿಂಗಯ್ಯ ಪಕ್ಕದಲ್ಲೇ ಇದ್ದ. ಹೇಳಬೇಕಾದವನು ಅವನು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೇ ತಿಥಿ ಕಳೆಯಿತು, ವರ್ಷ ಕಳೆಯಿತು.

ಕೆಲವು ತಿಂಗಳ ಮೇಲೆ ಅವಳು ಒಂದು ದಿನ ಬೀದಿಯಲ್ಲಿ ನಿಂತಿದ್ದಳು. ಅಂಬಮ್ಮನ ಮಕ್ಕಳು ಮಣ್ಣು ಕಲಸಿ ರೊಟ್ಟಿ ತಟ್ಟುತ್ತಿದ್ದವು. ಬಾಗಿಲಿನಿಂದ ರಾಮಲಿಂಗಯ್ಯ ನೋಡುತ್ತಿದ್ದ. ಆಮೇಲೆ ಅವಳು ಬಗ್ಗಿ ಆ ಮೂರೂ ಮಕ್ಕಳ ಕೈ ಬಿಡಿಸಿ ನೋಡಿದಳು. ತನ್ನ ಸೆರಗಿನಿಂದ ಒರೆಸಿದಳು. "ಬನ್ರಪ್ಪ," ಅಂದಳು. "ಆಡಾದಾದ್ರೆ ನಿಜವಾದ್ ಹಿಟ್ಟಲ್ಲೇ ಆಡಿ."

*

"ಮಗ ಕಾಯ್ತದೆ ಅಂದೋನು ನಾನು," ಅಂದ ರಾಮಲಿಂಗಯ್ಯ. "ಎದ್ದಿದ್ಲು ಕಣವ್ವ ಅವಳು. ಒಲೆ ಹಚ್ಚಾಕೆ ಎದ್ದಿದ್ಲು. ನಾನು ಕೂರ್ಸ್ದೆ. ನೀವೆಲ್ಲಾ ಅವಳ್ನ ಅಂದ್ರಿ, ನಾನು ಕೇಳಿಸ್ಕಂಡು ಸುಮ್ಕಿದ್ದೆ. ಅವಳೂ ಒಂದಿನ ನನ್ನ ಅನ್ನಿಲ್ಲ. ಅಂದಿದ್ರೆ..."

ಶಿವಲಿಂಗಮ್ಮ ಮೆಲ್ಲಗೆ ಅತ್ತಿಗೆಯ ಕಾಲ ಬಳಿ ಕುಸಿದು, ತಣ್ಣಗಿದ್ದ ಪಾದಗಳ ಮೇಲೆ ತಲೆ ಇಟ್ಟಳು. ದೊಡ್ಡಹನುಮಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡು, "ಹೊತ್ತಾಯ್ತು, ಎತ್ತಾಣ," ಅಂದ.

ಅಂಬಮ್ಮ ಮಕ್ಕಳ ಹತ್ತಿರ ಹೋಗಿ ಒಂದೊಂದರ ಅಂಗೈಯನ್ನೂ ಮುಟ್ಟಿ, "ಆಯ್ತು ಕಣ್ರಪ್ಪ, ನೋಡಿದ್ಲು, ನೋಡಿದ್ಲು," ಅಂದಳು. ಆಗಲೇ ಅವು ಕೈ ಇಳಿಸಿದ್ದು.

ತೋಟದ ಬಾವಿಯ ಹತ್ತಿರ, ಕೆಂಪಿಯನ್ನು ಹೂತ ಜಾಗದ ಪಕ್ಕದಲ್ಲೇ ಗುಂಡಿ ತೋಡಿದ್ದರು. ಗುಂಡಿ ಅಗಲ ಸಾಲದೆ ಅವರೆ ಗಿಡದ ಒಂದು ಸಾಲನ್ನು ಕಿತ್ತಿದ್ದರು. ಕಾಯಿ ತುಂಬಿದ್ದ ಗಿಡಗಳು ಮಣ್ಣಿನ ರಾಶಿಯ ಮೇಲೆ ಬಾಡುತ್ತಿದ್ದವು. ರಾಮಲಿಂಗಯ್ಯ ಮೂರು ಹಿಡಿ ಮಣ್ಣು ಹಾಕಬೇಕಿತ್ತು. ಎರಡು ಹಾಕಿದ. ಮೂರನೆಯದನ್ನು ಹಿಡಿದುಕೊಂಡೇ ನಿಂತುಬಿಟ್ಟ. ದೊಡ್ಡಹನುಮಯ್ಯ ಅವನ ಮುಷ್ಟಿ ಹಿಡಿದು ಮೆಲ್ಲಗೆ ಬಿಡಿಸಿದ.

ಮಿಂದು ವಾಪಸಾದಾಗ ಇಳಿಹೊತ್ತು. ಶಿವಲಿಂಗಮ್ಮ ಒಳಗಿನಿಂದ ಬಂದು, "ಅಣ್ಣಾ, ಹುಳ ಎಲ್ಲಾ ತಲೆ ಎತ್ಕಂಡು ಹುಡುಕ್ತಾವೆ. ನೋಡಕಾಗಕಿಲ್ಲ," ಅಂದಳು.

"ಇರ್ಲಿ," ಅಂದ ರಾಮಲಿಂಗಯ್ಯ. "ಮೊದ್ಲು ಹೈಕ್ಳಿಗೆ ಇಕ್ಕಿ. ಬೆಳಿಗ್ಗಿಂದ ಏನೂ ತಿಂದಿಲ್ಲ ಅವು."

ದೊಡ್ಡಹನುಮಯ್ಯ ಏನೂ ಹೇಳದೆ ಗೋಡೆಯ ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೊರಟ. ಇನ್ನಿಬ್ಬರು ಅವನ ಹಿಂದೆ ನಡೆದರು.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಅಂಬಮ್ಮ ತನ್ನ ಮನೆಯಿಂದ ಮುದ್ದೆ, ಕಾಳುಸಾರು ತಂದು ಆರು ತಟ್ಟೆಗೆ ಬಡಿಸಿದಳು. ರಾಮಲಿಂಗಯ್ಯನಿಗೂ ಒಂದು ತಟ್ಟೆ ಇಟ್ಟಳು. ಅವನು ಹದಿಮೂರು ವರ್ಷದಲ್ಲಿ ಮೊದಲ ಸಲ ಮಕ್ಕಳು ಉಣ್ಣುವ ಹೊತ್ತಿಗೆ ಜಗಲಿಯ ಮೇಲೆ ಕೂತಿದ್ದ.

ಮಕ್ಕಳು ತಿನ್ನಲಿಲ್ಲ. ತಟ್ಟೆ ನೋಡುತ್ತ ಕೂತವು.

"ಯಾಕ್ರವ್ವ? ಸಾರು ಕಾರಾನಾ?" ಅಂಬಮ್ಮ ಕೇಳಿದಳು.

ಅಖ್ತರಿ ದುಂಡನೆಯ ಮುದ್ದೆಯನ್ನು ಬೆರಳಲ್ಲಿ ತೋರಿಸಿದಳು. "ಇದು ಇನ್ನಾ ಏನೂ ಆಗಿಲ್ಲ."

ಅಂಬಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ರೋಶನ್ ಬೀ ಮಗಳಿಗೆ, "ಸುಮ್ನೆ ತಿನ್ನು ಬೇಟಿ," ಅಂದಳು.

ರಾಮಲಿಂಗಯ್ಯ ಅಖ್ತರಿಯ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡ. ಮುದ್ದೆಯನ್ನು ಎತ್ತಿದ. ಅದು ಬೆರಳಿಗೆಲ್ಲ ಅಂಟಿಕೊಂಡಿತು.

"ಕೈಗೆ ನೀರ್ ಹಚ್ಕ ತಾತ," ಅಂದಳು ಅಖ್ತರಿ.

ಅವನು ಚೊಂಬಿನಲ್ಲಿ ಕೈ ಅದ್ದಿಕೊಂಡ. ಒತ್ತಿದ, ಎಳೆದ, ಒಂದು ಕಡೆ ಚಿವುಟಿದ. ನಡುವೆ ಸೀಳಿದ್ದನ್ನು ಹೆಬ್ಬೆರಳಲ್ಲಿ ಸವರಿ ಮುಚ್ಚಿದ. ಸಾರಿನಿಂದ ಒಂದು ಕಾಳು ಹುಡುಕಿ ತೆಗೆದು ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಒಂದು ತುದಿಯಲ್ಲಿ ಇಟ್ಟ. ತಟ್ಟೆಯನ್ನು ಅವಳ ಮುಂದೆ ತಳ್ಳಿದ.

"ಏನ್ ತಾತ ಇದು?"

"ಗೊತ್ತಿಲ್ಲ ಕಣವ್ವ," ಅಂದ ರಾಮಲಿಂಗಯ್ಯ. "ನಂಗೆ ಬರಾಕಿಲ್ಲ."

ಅಖ್ತರಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಒಂದು ತುದಿ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಪಕ್ಕದಲ್ಲಿದ್ದ ಮಗು ಅವಳು ನುಂಗುವುದನ್ನು ನೋಡಿತು. ಆಮೇಲೆ ತನ್ನ ತಟ್ಟೆಯನ್ನು ರಾಮಲಿಂಗಯ್ಯನ ಕಡೆ ಸರಿಸಿತು. ಅದರ ಪಕ್ಕದ್ದು ಸರಿಸಿತು. ಐದು ತಟ್ಟೆಗಳು ಒಂದಕ್ಕೊಂದು ತಾಗಿ ಅವನ ಮೊಣಕಾಲಿನವರೆಗೂ ಬಂದು ನಿಂತವು.