ಒಪ್ಪಿಗೆ ಪತ್ರದ ಸಹಿ

ತನ್ನ ಬಲಗೈಯ ಆ ಹೆಬ್ಬೆರಳನ್ನು ಕಂಡರೆ ಕತ್ತರಿಯಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ ಆ ಹೆಸರು ಗಳಿಸಿದವಳು. ಬಲಗೈ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದಾಗ ದೊಡ್ಡಾಸ್ಪತ್ರೆಯ ಸರ್ಜನ್ ಬೆರಳನ್ನು ಮತ್ತೆ ಕಟ್ಟಿಕೊಟ್ಟ. ಕಟ್ಟಿದ್ದೇನೋ ಸರಿ, ಅದು ಮಡಚಬೇಕಲ್ಲ! ಗೂಟದ ಹಾಗೆ ಸೆಟೆದು ನಿಂತಿದೆ, ಕತ್ತರಿ ಹಿಡಿಯಲು ಬರುವುದಿಲ್ಲ. "ನೋಡೋಕೆ ಚೆನ್ನಾಗೇ ಇದೆಯಲ್ಲಮ್ಮ" ಅಂದಿದ್ದ ಆ ಪುಣ್ಯಾತ್ಮ. ಅವಳೇನು ಬೆರಳನ್ನು ಪ್ರದರ್ಶನಕ್ಕೆ ಇಡುತ್ತಾಳೆಯೇ?

ತಮ್ಮನನ್ನು ಕರೆದುಕೊಂಡು ವಕೀಲೆಯ ಹತ್ತಿರ ಹೋದಳು.

"ಕೈ ಸರಿಹೋಗಲಿಲ್ಲ ಅಂದ್ರಷ್ಟೇ ಸಾಲದಮ್ಮ," ಎಂದರು ವಕೀಲೆ. "ಡಾಕ್ಟರ್ ನಿರ್ಲಕ್ಷ್ಯ ಮಾಡಿದ್ರು, ಇಲ್ಲಾ ಹೀಗಾಗಬಹುದು ಅಂತ ಮೊದಲೇ ಹೇಳಲಿಲ್ಲ, ಎರಡರಲ್ಲಿ ಒಂದನ್ನ ತೋರಿಸಬೇಕು. ಆಗ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು, ವೈದ್ಯರ ಮಂಡಳಿಗೂ ದೂರು ಕೊಡಬಹುದು."

"ಒಬ್ಬ ನರಪಿಳ್ಳೆನೂ ಹೇಳಲಿಲ್ಲ. ಹೇಳಿದ್ರೆ ಇನ್ನೊಬ್ಬ ಡಾಕ್ಟರನ್ನ ಕೇಳ್ತಿರಲಿಲ್ವಾ?"

ಮೂರು ಪತ್ರ ಬರೆದ ಮೇಲೆ ಆಸ್ಪತ್ರೆಯಿಂದ ಕಡತ ಬಂತು. ಅದರಲ್ಲಿದ್ದ ಒಪ್ಪಿಗೆ ಪತ್ರ ನೋಡಿ ವಕೀಲೆಯ ಮುಖ ಸಪ್ಪಗಾಯಿತು. ಬೆರಳನ್ನು ಶಾಶ್ವತವಾಗಿ ಮಡಚಲಾಗದಿರಬಹುದೆಂದು ವೈದ್ಯರು ವಿವರಿಸಿದ್ದಾರೆ, ಒಪ್ಪಿದ್ದೇನೆ ಎಂದು ಅಚ್ಚಾಗಿತ್ತು. ಕೆಳಗೆ ಕತ್ತರಿಯಕ್ಕನ ಸಹಿ, ಮಣಿ ಪೋಣಿಸಿದಂಥ ಅಕ್ಷರ.

"ಬಿಡಕ್ಕ," ಎಂದ ತಮ್ಮ. "ನೋವಲ್ಲಿ ಏನು ಅಂತ ನೋಡದೆ ಹಾಕಿರ್ತೀಯ. ಹಣೆಬರಹ."

ಅವಳಿಗೆ ಪಿತ್ತ ನೆತ್ತಿಗೇರಿತು. "ಯಾವ ಕೈಯಲ್ಲಿ ಹಾಕಿದೆನೋ? ಬಲಗೈಯನ್ನ ಟವೆಲಲ್ಲಿ ಸುತ್ತಿ ಹಿಡ್ಕೊಂಡು ಬಂದವನು ನೀನೇ ಅಲ್ವಾ? ಜಜ್ಜಿಹೋದ ಕೈ ಇಷ್ಟು ಚೆನ್ನಾಗಿ ಬರೆಯುತ್ತಾ?"

ವಕೀಲೆ ಸರಸರನೆ ಹಾಳೆ ಹಿಂದಕ್ಕೆ ತಿರುವಿದರು. ಆಸ್ಪತ್ರೆಗೆ ಸೇರಿಸಿಕೊಂಡ ಚೀಟಿ ಸಿಕ್ಕಿತು. ಸಮಯ ಹತ್ತೂ ಕಾಲು. ಅದರ ಮೇಲೆ ಎಡಗೈ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಸಾಕ್ಷಿಯಾಗಿ ತಮ್ಮನ ಸಹಿ. ಒಪ್ಪಿಗೆ ಪತ್ರದ ಸಮಯ ಹತ್ತೂ ಮುಕ್ಕಾಲು.

"ಆಸ್ಪತ್ರೆಯವರು ಗುರುತಿಗೆ ಅಂತ ಅಕ್ಕನ ಪ್ಯಾನ್ ಕಾರ್ಡ್ ಕೇಳಿದ್ರು," ಎಂದ ತಮ್ಮ, ತೊದಲುತ್ತ. "ನಾನೇ ಕೊಟ್ಟೆ. ಅದರಲ್ಲಿ ಅವಳ ಸಹಿ ಇತ್ತು."

"ಅದನ್ನ ನೋಡ್ಕೊಂಡು ಗೀಚಿದಾರೆ," ಎಂದಳು ಕತ್ತರಿಯಕ್ಕ. ಇಷ್ಟು ದಿನ ಕೈ ಹಾಳಾಯಿತೆಂದು ಸಿಟ್ಟಿತ್ತು. ಈಗ ಹೆಸರನ್ನೂ ಕದ್ದಿದ್ದರು ಕಳ್ಳರು!

ಸಂಜೆಯೊಳಗೆ ದೂರು ಸಿದ್ಧವಾಯಿತು. ವಕೀಲೆ ಶಾಯಿಯ ಡಬ್ಬಿ ಮುಂದಿಟ್ಟು, "ಎಡಗೈ ಹೆಬ್ಬೆಟ್ಟು ಒತ್ತಿ, ಸಾಕು," ಎಂದರು.

"ಬೇಡ. ಪೆನ್ ಕೊಡಿ."

ಬಲಗೈಯ ತೋರುಬೆರಳು, ನಡುಬೆರಳಿನ ಮಧ್ಯೆ ಪೆನ್ನನ್ನು ಸಿಕ್ಕಿಸಿಕೊಂಡಳು. ಕಾಗದ ಜಾರದಂತೆ ತಮ್ಮ ಒತ್ತಿ ಹಿಡಿದ. ಪೆನ್ ಎರಡು ಸಲ ಬಿತ್ತು, ಎರಡು ಸಲವೂ ಅವಳೇ ಎತ್ತಿಕೊಂಡಳು. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹೋದವು.

ಬರೆದು ಮುಗಿಸಿ ಕಾಗದವನ್ನು ವಕೀಲೆಯ ಕಡೆಗೆ ತಳ್ಳಿದಳು.

"ಅವರ ಕಾಗದದ ಪಕ್ಕದಲ್ಲೇ ಇದನ್ನಿಡಿ ಮೇಡಂ. ಅವರು ಕಟ್ಟಿಕೊಟ್ಟ ಕೈ ಹಾಕಿದ ಸಹಿ ಇದು."