ಹಲ್ಲಿನ ದಿನ, ಬಸ್ಸಿನ ದಿನ

ನನ್ನ ಮಗಳು ಪುಟ್ಟಿಗೆ ಕೆಲಸ ಸಿಕ್ಕಿತು ಎಂದು ಪಕ್ಕದ ಮನೆಯವರಿಗೆ ಹೇಳಿ ಬಂದು ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳಿಗೆ ಇನ್ನೊಂದು ಕೆಲಸವೂ ಸಿಕ್ಕಿತ್ತು. ಕಷ್ಟ ಶುರುವಾಗಿದ್ದು ಅಲ್ಲಿಂದ.

ಮೊದಲನೆಯದು ಕೃತಕ ಹಲ್ಲು ತಯಾರಿಸುವ ಲ್ಯಾಬಿನದು. ಪುಟ್ಟಿ ಓದಿದ್ದೇ ಅದನ್ನು. ಮೇಣದಲ್ಲಿ ಹಲ್ಲು ಕೆತ್ತುತ್ತಾ ಕೂತರೆ ಕರೆದರೂ ಕೇಳಿಸದು. ಯಾರಾದರೂ ನಕ್ಕರೆ ಮುಖ ಬಿಟ್ಟು ಹಲ್ಲು ನೋಡುತ್ತಾಳೆ. ಎರಡನೆಯದು ಸಿಟಿ ಬಸ್ ಓಡಿಸುವುದು. ರಜೆಯಲ್ಲಿ ಸುಮ್ಮನಿರಲಾರದೆ, ಬಸ್ ಡ್ರೈವರ್ ಆಗಿರುವ ನನ್ನ ತಮ್ಮನ ಬೆನ್ನು ಹತ್ತಿ ದೊಡ್ಡ ಗಾಡಿ ಕಲಿತಳು, ಲೈಸೆನ್ಸ್ ಮಾಡಿಸಿದಳು, ಡಿಪೋಗೆ ಅರ್ಜಿಯನ್ನೂ ಹಾಕಿದಳು. ಸಿಗುವುದಿಲ್ಲ ಎಂದೇ ಎಲ್ಲರೂ ನಕ್ಕಿದ್ದೆವು. ಈಗ ಎರಡೂ ಕಡೆ ಸೋಮವಾರ ಬಾ ಎಂದಿದ್ದರು. ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡದಿದ್ದರೆ ಆ ಜಾಗ ಬೇರೆಯವರಿಗೆ.

ಬೆಳಗ್ಗೆ ಹಲ್ಲು ಅನ್ನುವಳು, ಮಧ್ಯಾಹ್ನ ಬಸ್ಸು ಅನ್ನುವಳು, ಸಂಜೆಗೆ ತಲೆ ಹಿಡಿದು ಕೂರುವಳು.

“ಅಕ್ಕ, ಕಡಲೆ ಇದ್ದೋರಿಗೆ ಹಲ್ಲಿರಲ್ಲ ಅಂತಾರೆ. ನಿನ್ ಮಗಳಿಗೆ ಎರಡೂ ಇದೆ, ಬಾಯಿ ಬಿಡೋಕೇ ಆಗ್ತಿಲ್ಲ,” ಎಂದ ತಮ್ಮ.

“ಮಾವ, ನೀನೇ ಹೇಳು, ಏನ್ಮಾಡ್ಲಿ?”

“ಬಸ್ಸು ಅಂದ್ರೆ ನಿಮ್ಮಮ್ಮ ನನ್ನ ಬೈತಾಳೆ. ಹಲ್ಲು ಅಂದ್ರೆ ನನ್ನ ನಾನೇ ಬೈಕೋತೀನಿ. ನನ್ನ ಬಿಟ್ಬಿಡು ತಾಯಿ.”

ನಮ್ಮತ್ತೆ ತಮ್ಮ ಹಲ್ಲಿನ ಸೆಟ್ಟನ್ನು ಲೋಟದಲ್ಲಿ ತೊಳೆಯುತ್ತಾ, “ಹಲ್ಲೇ ಮಾಡು ಕಣೇ. ನನ್ನಂಥ ಮುದುಕಿಯರು ಇರೋವರೆಗೂ ನಿಂಗೆ ಊಟಕ್ಕೆ ಕೊರತೆಯಿಲ್ಲ,” ಎಂದರು. ಮರುಕ್ಷಣವೇ, “ಆದ್ರೂ ನೀನು ಬಸ್ ಓಡಿಸೋದನ್ನ ಒಂದ್ಸಲ ನೋಡ್ಬೇಕು ಅಂತಿತ್ತು,” ಎಂದು ಅವಳ ತಲೆಗೆ ಇನ್ನೊಂದು ಹುಳ ಬಿಟ್ಟರು.

ನಮ್ಮ ಮನೆಯಲ್ಲೊಂದು ಅಭ್ಯಾಸ. ಪರದೆಗೆ ಎರಡು ಬಟ್ಟೆಗಳಲ್ಲಿ ಒಂದನ್ನು ಆರಿಸಲಾಗದಿದ್ದರೆ ಅಂಗಡಿಯಿಂದ ಎರಡರ ತುಂಡನ್ನೂ ತಂದು, ಒಂದು ದಿನ ಇದನ್ನು, ಒಂದು ದಿನ ಅದನ್ನು ಕಿಟಕಿಗೆ ಕಟ್ಟಿ ನೋಡುತ್ತೇವೆ. ಬುಧವಾರ ಪುಟ್ಟಿಗೂ ಅದನ್ನೇ ಹೇಳಿದೆ. “ನಾಳೆ ಇಡೀ ದಿನ ಹಲ್ಲಿನ ಕೆಲಸ ಒಪ್ಕೊಂಡಾಯ್ತು ಅಂದ್ಕೊಂಡು ಇರು. ನಾಡಿದ್ದು ಬಸ್ಸು. ಮನಸ್ಸು ತಾನೇ ಹೇಳತ್ತೆ.”

ಹಲ್ಲಿನ ದಿನ ಹೂವೆತ್ತಿದ ಹಾಗೆ ಕಳೆಯಿತು. ಹೊಟ್ಟೆ ತುಂಬ ಉಂಡಳು, ಬಟ್ಟೆ ಒಣಹಾಕಿದಳು, ಅಜ್ಜಿಯ ಉಗುರು ಕತ್ತರಿಸಿದಳು. ಬಸ್ಸಿನ ದಿನ ಬೆಳಗ್ಗೆಯೇ ಮುಖ ಗಂಟಿಕ್ಕಿಕೊಂಡು ಎದ್ದಳು. ಹಾಲು ಉಕ್ಕಿಸಿದಳು. ತಿಂಡಿ ಬೇಡವೆಂದಳು. ನಾನು ತುಟಿ ಬಿಚ್ಚದಿದ್ದರೂ, “ಸುಮ್ನಿರಮ್ಮ ಸ್ವಲ್ಪ!” ಎಂದು ರೇಗಿದಳು. ಬಾಗಿಲಲ್ಲಿ ನಿಂತು, ಬಸ್ಸುಗಳು ರಸ್ತೆಯ ತಿರುವಿನಲ್ಲಿ ಹೇಗೆ ಹೊರಳುತ್ತವೆಂದು ನೋಡುತ್ತಲೇ ಇದ್ದಳು.

ಉತ್ತರ ಸಿಕ್ಕಿತು ಅನ್ನಿಸಿತು ನನಗೆ. ಪಾತ್ರೆ ತೊಳೆಯುತ್ತಲೇ ಹೇಳಿದೆ, “ಗೊತ್ತಾಯ್ತಲ್ಲ ಮಗಳೇ. ಲ್ಯಾಬಿಗೆ ಫೋನ್ ಮಾಡು.”

“ಏನು ಗೊತ್ತಾಯ್ತು?”

“ನಿನ್ನೆ ಎಷ್ಟು ನೆಮ್ಮದಿಯಾಗಿದ್ದೆ!”

“ಅದು ನೆಮ್ಮದಿಯಲ್ಲಮ್ಮ. ನಿನ್ನೆ ನಂಗೆ ಏನೂ ಅನ್ನಿಸ್ಲೇ ಇಲ್ಲ. ಇವತ್ತು ಬೆಳಗ್ಗಿಂದ ಒಂದೇ ಹೆದರಿಕೆ. ಬಸ್ ತುಂಬ ಜನ ಕೂತಿದಾರೆ, ಸ್ಟೀರಿಂಗ್ ನನ್ ಕೈಲಿದೆ ಅನ್ನೋ ಹಾಗೇ ಆಗ್ತಿದೆ.”

“ಹೆದರಿಕೆ ಆಗತ್ತೆ ಅಂದ್ರೆ ಬೇಡ ಅಂತಲ್ವಾ?”

“ಬೇಡ ಅಂತಾನಾ, ಬೇಕು ಅಂತಾನಾ? ನೀನೇ ಹೇಳು!”

ತೊಳೆಯುತ್ತಿದ್ದ ತಟ್ಟೆ ಇಟ್ಟು ಅವಳ ಕಡೆ ತಿರುಗಿದೆ. ಅವಳ ಜ್ವರ, ಹಸಿವು, ಸುಳ್ಳು ಎಲ್ಲವನ್ನೂ ಮುಖ ನೋಡಿಯೇ ಹೇಳುತ್ತಿದ್ದವಳು ನಾನು. ಅವತ್ತು ಆ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

ಸಂಜೆ ಡಿಪೋಗೆ ಫೋನ್ ಮಾಡಿ, “ಬರ್ತೀನಿ ಸರ್,” ಎಂದಳು. ಆಮೇಲೆ ಲ್ಯಾಬ್ ನಡೆಸುವ ಮೇಡಂಗೆ, “ಆಗಲ್ಲ ಮೇಡಂ,” ಎಂದಳು. ಆಕೆ ಏನೋ ಒಳ್ಳೆಯ ಮಾತೇ ಆಡಿರಬೇಕು, ಫೋನಿಟ್ಟ ಮೇಲೆ ಪುಟ್ಟಿಗೆ ಅಳು ತಡೆಯಲಾಗಲಿಲ್ಲ.

“ತಪ್ಪು ಮಾಡಿದ್ನಾ ಅಮ್ಮ?”

“ಗೊತ್ತಿಲ್ಲ ಕಣೇ.”

“ಇಲ್ಲ ಅಂತ ಒಂದು ಸುಳ್ಳಾದ್ರೂ ಹೇಳ್ಬಾರ್ದಾ?”

“ಹೇಳಿದ್ರೆ ನಂಬ್ತೀಯಾ?”

“ಇಲ್ಲ.” ಮೂಗೊರೆಸಿಕೊಂಡಳು. “ಹಸಿವಾಗ್ತಿದೆ,” ಎಂದಳು.

ಒಲೆ ಹಚ್ಚಿದೆ. ಈ ಹಸಿವಿಗೆ ಏನು ಅರ್ಥ ಎಂದು ಕೇಳುವ ಮಾತು ಬಾಯಿವರೆಗೆ ಬಂದಿತ್ತು. ಬಾಣಲೆಗೆ ಎರಡು ಮೊಟ್ಟೆ ಒಡೆದು ಹಾಕಿದೆ.